ಕಣಜಗಳಿಗೆ ಹೆಸರಿಟ್ಟ ಗಿರಾಲ್ಟ್

ಈ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದರು. ಕವಿಗಳನ್ನೂ ದೇಶಭಕ್ತರನ್ನೂ ಕುರಿತು ಬರೆಯಲು ನನಗಿಂತ ಬಲ್ಲವರು ಅನೇಕರಿದ್ದಾರೆ. ಸೊಲ್ಲಾಪುರ ಸೀಮೆಯ ಕಬ್ಬು ಬೆಳೆಯುವ ಮನೆತನದಲ್ಲಿ ಹುಟ್ಟಿ, ಈ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಕೀಟಶಾಸ್ತ್ರವನ್ನು ವ್ಯಾಸಂಗ ಮಾಡಿದ ನಾನು, ಆ ಶಾಸ್ತ್ರದವರಿಗೆಲ್ಲ ಚಿರಪರಿಚಿತನಾದ ಅಲೆಕ್ಸಾಂಡರ್ ಆರ್ಸೆನ್ ಗಿರಾಲ್ಟ್ ಎಂಬಾತನನ್ನು ಆಯ್ದುಕೊಂಡಿದ್ದೇನೆ.

ಗಿರಾಲ್ಟ್ ಹುಟ್ಟಿದ್ದು 1884ರಲ್ಲಿ, ಅಮೆರಿಕದ ಅನಾಪೊಲಿಸ್ ನಗರದಲ್ಲಿ. 1911ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿಗೆ ಬಂದುದು ಕಬ್ಬಿನ ಬೆಳೆಯ ಕೀಟತಜ್ಞನಾಗಿ. ಆದರೆ ಆತನ ಮನಸ್ಸು ನೆಟ್ಟಿದ್ದು ಅರ್ಧ ಮಿಲಿಮೀಟರಿನಷ್ಟೇ ಉದ್ದದ ಪರೋಪಜೀವಿ ಕಣಜಗಳ ಮೇಲೆ. ಇವುಗಳಲ್ಲಿ ಟ್ರೈಕೋಗ್ರಾಮ ಎಂಬ ಕುಲದವು ಪತಂಗದ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯನ್ನಿಟ್ಟು, ಹುಳು ಹೊರಬರುವ ಮೊದಲೇ ಅದನ್ನು ಇಲ್ಲವಾಗಿಸುತ್ತವೆ. ಪಾದದಲ್ಲಿ ಮೂರೇ ಗೆಣ್ಣುಗಳಿದ್ದರೆ ಆ ಕುಟುಂಬವೆಂದು ತಿಳಿಯಬಹುದು. ರೆಕ್ಕೆಯ ಮೇಲೆ ಸಾಲುಗಟ್ಟಿದ ರೋಮಗಳು, ಗಂಡಿನ ಮೀಸೆಯ ಉದ್ದ ಕೂದಲು ಮುಂದಿನ ಗುರುತುಗಳು. ಜಾತಿಯನ್ನು ನಿರ್ಧರಿಸುವುದು ಮಾತ್ರ ಬಹು ಕಠಿಣ. ಮೈಬಣ್ಣವನ್ನು ನಂಬುವಂತಿಲ್ಲ, ಹವೆಯ ಉಷ್ಣತೆಯೊಡನೆ ಅದೂ ಬದಲಾಗುತ್ತದೆ.

ಇಂಥ ಜೀವಿಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೊಸ ಜಾತಿಗಳನ್ನು ಗಿರಾಲ್ಟ್ ವರ್ಣಿಸಿದ. ಒಂದಕ್ಕೆ ಗೋಥೆಯಾನ ಶೇಕ್ಸ್‌ಪಿಯರೈ ಎಂದು ಇಬ್ಬರು ಮಹಾಕವಿಗಳ ಹೆಸರನ್ನಿಟ್ಟ. ಶಾಸ್ತ್ರವನ್ನು ಹಣದ ಲೆಕ್ಕದಿಂದ ಅಳೆಯುವವರನ್ನು ಕಂಡರೆ ಆತನಿಗೆ ಸಿಟ್ಟು. 1920ರಲ್ಲಿ ತನ್ನ ಮೇಲಧಿಕಾರಿ ಇಲ್ಲಿಂಗ್‌ವರ್ತ್‌ನ ಹೆಸರನ್ನು ತಿರುಚಿ, ಗುರುಗ್ರಹದಲ್ಲಿ ದೊರೆತ ಇಲ್ಲದ ಕೀಟವೊಂದನ್ನು ವರ್ಣಿಸಿಯೇಬಿಟ್ಟ! ಅಧಿಕಾರಿಗಳೊಡನೆ ಹೀಗೆ ವರ್ತಿಸಿದವನಿಗೆ ನೆಮ್ಮದಿ ಎಲ್ಲಿಂದ? ಅರವತ್ತರಷ್ಟು ಲೇಖನಗಳನ್ನು ತನ್ನ ಸ್ವಂತ ಖರ್ಚಿನಿಂದಲೇ ಅಚ್ಚು ಹಾಕಿಸಬೇಕಾಯಿತು. ಅವುಗಳನ್ನು ಒಟ್ಟುಗೂಡಿಸಿ ಮರುಮುದ್ರಿಸಿದ್ದು 1979ರಲ್ಲಿ. ಗಿರಾಲ್ಟ್ 1941ರಲ್ಲಿ ಬ್ರಿಸ್ಬೇನಿನ ಸಮೀಪದ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ.

ಆತನ ವರ್ಣನೆಗಳು ಕೆಲವೊಮ್ಮೆ ಎರಡೇ ಸಾಲು. ಒಂದೇ ಗಾಜಿನ ಪಟ್ಟಿಯ ಮೇಲೆ ಬೇರೆಬೇರೆ ಜಾತಿಯ ಕಣಜಗಳನ್ನು ಒತ್ತೊತ್ತಾಗಿ ಕೂರಿಸಿಬಿಡುತ್ತಿದ್ದ. ಇದನ್ನು ನಾನು ಮೆಚ್ಚಲಾರೆ. ಹಿಂದೆ ಬಂದವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಕ್ವೀನ್ಸ್‌ಲ್ಯಾಂಡ್ ವಸ್ತುಸಂಗ್ರಹಾಲಯದ ಎಡ್ವರ್ಡ್ ಡಾಮ್ಸ್ ಆ ಮಾದರಿಗಳ ಪಟ್ಟಿಯನ್ನು ಸಿದ್ಧಪಡಿಸಲು ವರ್ಷಗಳನ್ನೇ ವ್ಯಯಿಸಿದರು.

ನಮ್ಮ ಕಬ್ಬಿನ ಹೊಲಗಳಿಗೂ ಈ ಕತೆಗೂ ನಂಟುಂಟು. ಕಾಂಡಕೊರಕದ ಹಾವಳಿಗೆ ಎಲೆಗೆ ಕಟ್ಟುವ ಟ್ರೈಕೋ ಕಾರ್ಡನ್ನು ನಮ್ಮ ರೈತ ಬಾಂಧವರು ಬಲ್ಲರು. ಅದರೊಳಗಿನ ಕಣಜವನ್ನು ಭಾರತದಲ್ಲಿ ಬಹುಕಾಲ ಟ್ರೈಕೋಗ್ರಾಮ ಆಸ್ಟ್ರಾಲಿಕಮ್ ಎಂದೇ ಕರೆಯುತ್ತಿದ್ದರು. 1912ರಲ್ಲಿ ಗಿರಾಲ್ಟ್ ಇಟ್ಟ ಹೆಸರದು. ಜಾತಿ ತಪ್ಪಿದರೆ ಹವೆಯೂ ಹುಳುವೂ ಒಗ್ಗದೆ ಬಿಟ್ಟ ಕಣಜವೆಲ್ಲ ವ್ಯರ್ಥವಾಗಬಹುದು. ಬೆಂಗಳೂರಿನ ಜೈವಿಕ ನಿಯಂತ್ರಣ ಕೇಂದ್ರದಲ್ಲಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು, ಗಂಡು ಕಣಜದ ಜನನಾಂಗದ ರಚನೆಯೇ ಜಾತಿನಿರ್ಣಯಕ್ಕೆ ನಂಬಿಕೆಯ ಗುರುತೆಂದು 1971ರಲ್ಲಿ ತೋರಿಸಿಕೊಟ್ಟರು. ಆ ಗುರುತಿನಿಂದ ಪರಿಶೀಲಿಸಿದಾಗ ನಮ್ಮ ಕಣಜ ಗಿರಾಲ್ಟನದಲ್ಲವೆಂದು ತಿಳಿಯಿತು. 1979ರಲ್ಲಿ ಅದು ಟ್ರೈಕೋಗ್ರಾಮ ಕೈಲೋನಿಸ್ ಎಂದು ಸ್ಥಿರಪಟ್ಟಿತು. ಹಳೆಯ ಕೃಷಿ ಪುಸ್ತಕಗಳಲ್ಲಿ ಮಾತ್ರ ಆಸ್ಟ್ರಾಲಿಕಮ್ ಎಂಬ ಹೆಸರೇ ಉಳಿದುಕೊಂಡಿದೆ.