ಕೋಟೆ ಬಿದ್ದ ಮೇಲಿನ ಚೆನ್ನಮ್ಮ

ಕಿತ್ತೂರು ಚೆನ್ನಮ್ಮ ಅಂದ್ರೆ ನಮ್ಮ ಕಣ್ಮುಂದೆ ಬರೋದು ಕುದುರೆ, ಕತ್ತಿ. ನನ್ನನ್ನು ಕಾಡೋದು ಕತ್ತಿ ಕೈತಪ್ಪಿದ ಮೇಲಿನ ಚೆನ್ನಮ್ಮ.

ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಹುಟ್ಟಿ, ಕಿತ್ತೂರಿನ ದೊರೆ ಮಲ್ಲಸರ್ಜನ ಕೈಹಿಡಿದಳು. 1816ರಲ್ಲಿ ಗಂಡ ತೀರಿಕೊಂಡ. 1824ರಲ್ಲಿ ಅರಸ ಶಿವಲಿಂಗರುದ್ರಸರ್ಜನೂ ಹೋದ. ದತ್ತು ಮಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಅದೇ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಕಂಪನಿಯನ್ನು ಸೋಲಿಸಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿಯಲ್ಲಿ ಆಕೆ ಸೆರೆಯಲ್ಲೇ ತೀರಿಕೊಂಡಳು.

ಕಾದಾಡಿದ್ದು ಕೆಲವೇ ದಿನ, ಸೆರೆವಾಸ ನಾಲ್ಕು ವರ್ಷ. ನಮ್ಮ ಭಾಷಣಗಳಲ್ಲಿ ಆ ನಾಲ್ಕು ವರ್ಷಕ್ಕೆ ಒಂದೇ ಸಾಲು.

ಇನ್ನೂರು ವರ್ಷದ ಹಿಂದಿನ ಮನಸ್ಸಿಗೆ ಇವತ್ತು ಕಾಯಿಲೆಯ ಹೆಸರು ಹಚ್ಚೋದು ಅನ್ಯಾಯ, ನಾನು ಹಚ್ಚಲ್ಲ. ಆದರೆ ಸೆರೆಯಾಳಿನ ಮನಸ್ಸಿಗೆ ಯಾರು ಹೊಣೆ ಅನ್ನೋ ಪ್ರಶ್ನೆ ಹಳತಾಗಿಲ್ಲ. ಇವತ್ತು ಅದಕ್ಕೊಂದು ಕಾನೂನಿದೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮಾನಸಿಕ ಕಾಯಿಲೆ ಇರುವವರನ್ನು ಒಂಟಿಯಾಗಿ ಕೂಡಿಹಾಕುವಂತಿಲ್ಲ ಅನ್ನುತ್ತೆ ಅದರ 97ನೇ ಸೆಕ್ಷನ್. ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಕೇಂದ್ರ ಇರಲೇಬೇಕು ಅನ್ನುತ್ತೆ 103ನೇ ಸೆಕ್ಷನ್.

ಇಡೀ ರಾಜ್ಯಕ್ಕೆ ಒಂದಿದ್ದರೂ ಕಾನೂನು ಪಾಲಿಸಿದ ಹಾಗೇ! ಸವದತ್ತಿಯ ಅಥವಾ ರಾಮದುರ್ಗದ ಒಬ್ಬ ವಿಚಾರಣಾಧೀನ ಕೈದಿಗೆ ಅದು ಎಷ್ಟು ದೂರ?

ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವಕ್ಕೆ ಹೋಗೋಣ, ಜೈಕಾರ ಹಾಕೋಣ. ವೇದಿಕೆ ಮೇಲಿರುವ ಮಂತ್ರಿಗಳಿಗೆ ಈ ಪ್ರಶ್ನೆಯನ್ನೂ ಕೇಳೋಣ. ಬೈಲಹೊಂಗಲದ ಸಮಾಧಿಗೆ ಹೂಮಾಲೆ ಹಾಕುವ ಸರ್ಕಾರ, ಜೈಲಿನೊಳಗೆ ಇನ್ನೂ ಉಸಿರಾಡುತ್ತಿರುವವರಿಗೆ ಡಾಕ್ಟರನ್ನು ಕಳಿಸಲೇಬೇಕು.