ಕೊಳೆರೋಗದ ಮರ್ಮವರಿತ ಕೋಲ್ಮನ್

ಸೊರಬ, ಶಿಕಾರಿಪುರ ಸೀಮೆಯ ಅಡಿಕೆ ಬೆಳೆಗಾರರಿಗೆ ಕೊಳೆರೋಗವೆಂದರೆ ಎದೆ ನಡುಗುತ್ತದೆ. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಎಳೆಗಾಯಿ ಕೊಳೆತು ಉದುರಿದರೆ ವರ್ಷದ ಅನ್ನವೇ ಉದುರಿದಂತೆ. ಈ ರೋಗವನ್ನು ಶಾಸ್ತ್ರೀಯವಾಗಿ ಪರಿಶೋಧಿಸಿ, ತಡೆಯುವ ದಾರಿ ತೋರಿದ ಮಹನೀಯರು ಡಾ. ಲೆಸ್ಲಿ ಕೋಲ್ಮನ್.

1878ರಲ್ಲಿ ಕೆನಡಾದಲ್ಲಿ ಜನಿಸಿದ ಇವರು ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಕೊಳೆರೋಗವನ್ನು ಕುರಿತ ಇವರ ವರದಿ 1910ರಲ್ಲಿ ಪ್ರಕಟವಾಯಿತು. ರೈತರಿಟ್ಟ ಕನ್ನಡದ ಹೆಸರನ್ನೇ ಅವರು ಇಂಗ್ಲಿಷ್ ವರದಿಯಲ್ಲೂ ಉಳಿಸಿಕೊಂಡರು.

ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯೇ ಈ ರೋಗಕ್ಕೆ ಕಾರಣ. ಅಂದು ಅದನ್ನು ಶಿಲೀಂಧ್ರವೆಂದು ಎಣಿಸಿದ್ದರು. ಇಂದಿನ ವಿಜ್ಞಾನ ಬೇರೆ ವರ್ಗಕ್ಕೆ ಸೇರಿಸಿದೆ. ಅದರ ಬೀಜಕಣಗಳು ಕಾಯಿಯ ಮೇಲಿನ ನೀರಿನಲ್ಲಿ ಈಜಿ ಒಳಹೊಗುತ್ತವೆ. ಅಡಿಕೆಕೊನೆಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುತ್ತಿದ್ದ ನಮ್ಮ ಹಿರಿಯರ ಉಪಾಯದ ಮರ್ಮವೂ ಇದೇ. ಕೋಲ್ಮನ್ನರು ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಕೊನೆಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದರ ತಾಮ್ರವು ಕೊಳೆತ ಕಾಯನ್ನು ಗುಣಪಡಿಸದು. ರೋಗವನ್ನು ಹೊರಗೇ ತಡೆಯುವುದು. ಆದ್ದರಿಂದಲೇ ಮಳೆಗೆ ಮುನ್ನ ಸಿಂಪಡಿಸಬೇಕು.

1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಕೋಲ್ಮನ್ನರು 1934ರಲ್ಲಿ ನಿವೃತ್ತರಾಗಿ, 1954ರಲ್ಲಿ ಕಾಲವಾದರು. ಇಂದಿಗೂ ಮುಂಗಾರಿನ ಹೊತ್ತಿಗೆ ಕೊನೆಗಾರನು ಪ್ರಾಣ ಒತ್ತೆಯಿಟ್ಟು ಮರವೇರಿ ಸಿಂಪಡಿಸುವುದು ಆ ದ್ರಾವಣವನ್ನೇ.