ಹಲ್ಲಿನ ಕಲೆಯ ಬೆನ್ನು ಹತ್ತಿದ ಡಾಕ್ಟ್ರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿಗಳಲ್ಲಿ ಫೋಟೋ ತೆಗೆಯುವಾಗ ಎಷ್ಟೋ ಜನ ಬಾಯಿ ಮುಚ್ಕೊಂಡೇ ನಗ್ತಾರೆ. ಹಲ್ಲಿನ ಮೇಲೆ ಕಂದು ಕಲೆ, ಎಷ್ಟು ಉಜ್ಜಿದರೂ ಹೋಗಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹೀಗಾಗುತ್ತೆ ಅಂತ ನಮಗೆಲ್ಲ ಗೊತ್ತು. ಇದನ್ನ ಪತ್ತೆ ಮಾಡೋಕೆ 30 ವರ್ಷ ಹಿಡಿಯಿತು ಅನ್ನೋದು ಮಾತ್ರ ನಮಗೆ ಗೊತ್ತಿರಲಿಲ್ಲ. ಆ 30 ವರ್ಷ ಅದರ ಹಿಂದೆ ಬಿದ್ದವರು ಅಮೆರಿಕದ ಹಲ್ಲಿನ ಡಾಕ್ಟರ್ ಫ್ರೆಡರಿಕ್ ಮೆಕೇ.

ಮೆಕೇ 1901ರಲ್ಲಿ ಓದು ಮುಗಿಸಿ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಊರಿನವರಿಗೆ ಅದು ಮಾಮೂಲು, ಉಳಿದ ಡಾಕ್ಟರ್‌ಗಳಿಗೂ ಆಸಕ್ತಿ ಇಲ್ಲ. ಮೆಕೇ ಬಿಡಲಿಲ್ಲ. 1909ರಲ್ಲಿ ಹೆಸರಾಂತ ದಂತತಜ್ಞ ಜಿ. ವಿ. ಬ್ಲ್ಯಾಕ್ ಜೊತೆಗೂಡಿದರು. ಎಣಿಸಿ ನೋಡಿದರೆ ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಸುಮಾರು 90 ಪರ್ಸೆಂಟ್‌ಗೆ ಕಲೆ! ಹಲ್ಲು ಬೆಳೆಯುವ ವಯಸ್ಸಿನಲ್ಲೇ ಇದು ಬರುತ್ತೆ, ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಬರಲ್ಲ ಅಂತಲೂ ಗೊತ್ತಾಯ್ತು. ಕಾರಣ ಮಾತ್ರ ಸಿಗುವ ಮೊದಲೇ, 1915ರಲ್ಲಿ ಬ್ಲ್ಯಾಕ್ ತೀರಿಕೊಂಡರು.

ಮೆಕೇಗೆ ನೀರಿನ ಮೇಲೆ ಅನುಮಾನ. 1923ರಲ್ಲಿ ಐಡಾಹೋದ ಓಕ್ಲಿ ಊರಿಗೆ ಹೋದರು. ಹೊಸ ಪೈಪ್‌ಲೈನ್‌ನಲ್ಲಿ ಬಿಸಿನೀರಿನ ಬುಗ್ಗೆಯ ನೀರು ಬರತೊಡಗಿದ ಮೇಲೇ ಕಲೆ ಶುರುವಾಯ್ತು ಅಂತ ಅಲ್ಲಿನ ಅಪ್ಪ ಅಮ್ಮಂದಿರು ಹೇಳಿದರು. ನೀರು ಪರೀಕ್ಷೆ ಮಾಡಿಸಿದರೆ ಏನೂ ಸಿಗಲಿಲ್ಲ. ಆದರೂ ಆ ನೀರು ಬಿಟ್ಟು ಬೇರೆ ನೀರು ಕುಡಿಯಿರಿ ಅಂದರು ಮೆಕೇ. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆ ಇಲ್ಲದ ಹೊಸ ಹಲ್ಲು ಬಂತು.

ಆಮೇಲೆ ಬಾಕ್ಸೈಟ್ ಅನ್ನೋ ಗಣಿ ಊರು. ಅಲ್ಲಿನ ಮಕ್ಕಳಿಗೆ ಕಲೆ, ಐದೇ ಮೈಲಿ ಆಚೆಯ ಊರಲ್ಲಿ ಇಲ್ಲ. ಗಣಿ ನಡೆಸುತ್ತಿದ್ದ ಅಲ್ಯೂಮಿನಿಯಂ ಕಂಪನಿಯ ಮುಖ್ಯ ಕೆಮಿಸ್ಟ್ ಚರ್ಚಿಲ್, ಸ್ಪೆಕ್ಟ್ರೋಗ್ರಾಫ್ ಹಾಕಿ ಆ ನೀರು ನೋಡಿದರು. ಫ್ಲೋರೈಡ್ ಸಿಕ್ಕಿತು. ಅದು 1931. ಅಲ್ಲಿವರೆಗೂ ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಫ್ಲೋರೈಡ್ ಹುಡುಕುತ್ತಿರಲಿಲ್ಲ, ಅದಕ್ಕೇ ಸಿಕ್ಕಿರಲಿಲ್ಲ.

1937ರಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇದೇ ಫ್ಲೋರೈಡ್ ಮೂಳೆಗೂ ಇಳಿದು ಬೆನ್ನು, ಕೀಲು ಬಿಗಿಯುವಂತೆ ಮಾಡಿದ್ದು ವರದಿಯಾಯ್ತು. ಹಲ್ಲಿನ ಕಲೆ ಬರೀ ಅಂದದ ಪ್ರಶ್ನೆ ಅಲ್ಲ ಅಂತ ಆಗ ಗೊತ್ತಾಯ್ತು. ಮೆಕೇ 1959ರಲ್ಲಿ ತೀರಿಕೊಂಡರು.

ಹಾಗಾದ್ರೆ ಟೂತ್‌ಪೇಸ್ಟಲ್ಲಿ ಫ್ಲೋರೈಡ್ ಯಾಕೆ ಹಾಕ್ತಾರೆ ಅಂತ ನೀವು ಕೇಳಬಹುದು. ಕಲೆ ಇರುವ ಹಲ್ಲು ಸುಲಭವಾಗಿ ಹುಳುಕಾಗಲ್ಲ ಅಂತ ಗಮನಿಸಿದವರೂ ಮೆಕೇ, ಬ್ಲ್ಯಾಕ್ ಅವರೇ. ಎಲ್ಲಾ ಪ್ರಮಾಣದ ಆಟ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5.

ನಮ್ಮ ಕಡೆ ಫ್ಲೋರೈಡ್ ಬರೋದು ಬಂಡೆಯಿಂದ. ಮಳೆ ಕಡಿಮೆ, ಕೆರೆ ಒಣಗಿತು, ಬೋರ್ ಆಳಕ್ಕೆ ಹೋಯ್ತು. ಬಂಡೆಯ ಸಂದಿಯಲ್ಲಿ ಎಷ್ಟೋ ಕಾಲ ನಿಂತ ನೀರು ಮೇಲೆ ಬಂತು. ಕಾಯಿಸಿ ಕುಡಿದರೂ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ಶುದ್ಧ ನೀರಿನ ಘಟಕದ ಆರ್‌ಓ ಅದನ್ನ ತೆಗೆಯುತ್ತೆ, ಆದರೆ ಹೊರಗೆ ಬಿಡೋ ನೀರಲ್ಲಿ ಅದೇ ಫ್ಲೋರೈಡ್ ಇನ್ನೂ ಹೆಚ್ಚಿರುತ್ತೆ. ಅದನ್ನ ಎಲ್ಲಿ ಬಿಡೋದು? ಇದು ಇಂಜಿನಿಯರ್‌ಗಳಾಗೋ ನಮ್ಮ ಪ್ರಶ್ನೆ.

ಮುಂದಿನ ರಜೆಗೆ ಊರಿಗೆ ಹೋದಾಗ ನಾವು ನಮ್ಮನೆ ಬೋರ್ ನೀರು ಒಂದೊಂದು ಬಾಟಲಿ ತುಂಬಿಸಿಕೊಂಡು ಬಂದು ಟೆಸ್ಟ್ ಮಾಡಿಸಬೇಕು ಅಂತಿದ್ದೀವಿ. ನೀವೂ ತನ್ನಿ. ಟೆಸ್ಟ್‌ಗೆ ಕೊಡುವಾಗ ಫ್ಲೋರೈಡ್ ಅಂತ ಬಾಯಿಬಿಟ್ಟು ಕೇಳಿ.